ಗುಡ್ಡದಾಚೆಯ ದಾಯಾದಿ

(ನಮ್ಮ ಕನ್ನಡ ಅವಧಿಯಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ನಮ್ಮ ಕನ್ನಡ ಅವಧಿಯಲ್ಲಿ ಹಾಡು, ಹಬ್ಬ, ಪುಸ್ತಕ, ನಾಟಕ ಇವುಗಳ ಮಾತೇ ಹೆಚ್ಚು. ಇವತ್ತು ಫುಟ್‌ಬಾಲ್ ಬಗ್ಗೆ ನಾಲ್ಕು ಮಾತಾಡೋಣ ಅಂದುಕೊಂಡಿದ್ದೇನೆ. "ಅಯ್ಯೋ, ಅದು ಹುಡುಗರ ವಿಷಯ" ಅಂತ ರೇಡಿಯೋದ ಕಿವಿ ಹಿಂಡಬೇಡಿ. ಆಫ್‌ಸೈಡ್ ಅಂದರೇನು, ಕಾರ್ನರ್ ಅಂದರೇನು ಎಂದು ತಿಳಿಯದವರಿಗೂ ಇದು ತಿಳಿಯುತ್ತದೆ. ಏಕೆಂದರೆ ಇದು ಅಕ್ಕಪಕ್ಕದ ಮನೆಯವರ ಜಿದ್ದಿನ ಕಥೆ. ಅದು ಯಾರಿಗೆ ಗೊತ್ತಿಲ್ಲ ಹೇಳಿ?

ಪ್ರಪಂಚದ ಒಂದೊಂದು ಖಂಡದಲ್ಲೂ ಆ ಖಂಡದ ಅತ್ಯುತ್ತಮ ಫುಟ್‌ಬಾಲ್ ಕ್ಲಬ್ ಯಾವುದು ಎಂದು ತೀರ್ಮಾನಿಸುವ ಪಂದ್ಯಾವಳಿ ನಡೆಯುತ್ತದೆ. ಇದು ದೇಶದೇಶಗಳ ನಡುವಿನ ಪಂದ್ಯವಲ್ಲ, ಕ್ಲಬ್ಬುಗಳದ್ದು. ತಮ್ಮ ತಮ್ಮ ದೇಶದಲ್ಲಿ ಗೆದ್ದು ಬಂದ ಕ್ಲಬ್ಬುಗಳು ತಿಂಗಳುಗಟ್ಟಲೆ ಆಡುತ್ತವೆ, ಒಂದೊಂದಾಗಿ ಉದುರುತ್ತವೆ. ಜರಡಿ ಹಿಡಿದ ಹಾಗೆ. ಕೊನೆಗೆ ಜರಡಿಯಲ್ಲಿ ಉಳಿಯುವುದು ಎರಡೇ ಎರಡು. ಸಾಮಾನ್ಯವಾಗಿ ಒಂದು ಈ ದೇಶದ್ದು, ಇನ್ನೊಂದು ಆ ದೇಶದ್ದು. ಆದರೆ ಅಪರೂಪಕ್ಕೆ, ಇಡೀ ಖಂಡವನ್ನು ಜರಡಿ ಹಿಡಿದ ಮೇಲೂ ಉಳಿದ ಎರಡು ತಂಡಗಳು ಒಂದೇ ಊರಿನವಾಗಿರುತ್ತವೆ, ಅಥವಾ ಒಂದು ಗುಡ್ಡದ ಆಚೆ ಈಚೆಯವಾಗಿರುತ್ತವೆ. ಯುರೋಪಿನಲ್ಲಿ ಹೀಗಾದದ್ದು 2014ರಲ್ಲಿ ಮತ್ತು 2016ರಲ್ಲಿ, ಎರಡೂ ಸಲ ಸ್ಪೇನಿನ ಮ್ಯಾಡ್ರಿಡ್ ನಗರದ ಎರಡು ಕ್ಲಬ್ಬುಗಳ ನಡುವೆ. ದಕ್ಷಿಣ ಅಮೆರಿಕದಲ್ಲಿ 2018ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಎರಡು ಕ್ಲಬ್ಬುಗಳ ನಡುವೆ. ಇವು ಟಿ.ವಿ.ಯಲ್ಲಿ ಬಂದವು, ನಮ್ಮ ಹುಡುಗರಿಗೆ ಬಾಯಿಪಾಠ. ನಮ್ಮದೇ ಏಷ್ಯಾದಲ್ಲಿ ಅವರೆಲ್ಲರಿಗಿಂತ ಮೊದಲು, 2002ರಲ್ಲಿ ಅಂಥದೊಂದು ಫೈನಲ್ ನಡೆದಿತ್ತು. ಅದನ್ನು ಇಲ್ಲಿ ಯಾರೂ ನೆನೆಯುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ. ಯಾಕೆಂದರೆ ಆ ಫೈನಲ್ ಆಡಿದ ಒಂದು ಊರಿಗೆ ಆಮೇಲೆ ಏನಾಯಿತೋ, ಅದೇ 2025ರಲ್ಲಿ ನಮ್ಮ ಈ ಹೈದರಾಬಾದಿಗೂ ಆಯಿತು.

ಮೊದಲು ಒಂದು ಶಬ್ದದ ಮಾತು. ಕನ್ನಡ ಬಿ.ಎ. ಓದಿದವಳಿಗೆ ಅದೊಂದು ಚಟ, ಸಹಿಸಿಕೊಳ್ಳಿ. ಒಂದೇ ಊರಿನ ಎರಡು ತಂಡಗಳ ಪಂದ್ಯಕ್ಕೆ ಫುಟ್‌ಬಾಲಿನವರು 'ಡರ್ಬಿ' ಅನ್ನುತ್ತಾರೆ. ನಮ್ಮ ಪತ್ರಿಕೆಗಳು 'ಸಾಂಪ್ರದಾಯಿಕ ಎದುರಾಳಿಗಳು', 'ಬದ್ಧ ವೈರಿಗಳು' ಎಂದೆಲ್ಲ ಬರೆಯುತ್ತವೆ. ನನಗೆ ಅವೆರಡೂ ಸಪ್ಪೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: ದಾಯಾದಿ. 'ದಾಯ' ಎಂದರೆ ಪಾಲು. ಒಂದೇ ಆಸ್ತಿಯಲ್ಲಿ ಪಾಲು ಉಳ್ಳವರು ದಾಯಾದಿಗಳು. ದೂರದವನ ಮೇಲೆ ದಾಯಾದಿ ಮತ್ಸರ ಹುಟ್ಟುವುದಿಲ್ಲ. ಹೊಲದ ಬದು ಒಂದೇ ಆಗಿರಬೇಕು, ಬಾವಿ ಒಂದೇ ಆಗಿರಬೇಕು. ಕೌರವ ಪಾಂಡವರ ಜಗಳ ಅಷ್ಟು ದೊಡ್ಡದಾದದ್ದು ಅವರು ಅಪರಿಚಿತರಾಗಿದ್ದರಿಂದಲ್ಲ. ಹಾಗಾಗಿ ಈ ಭಾಷಣದುದ್ದಕ್ಕೂ ನಾನು ಡರ್ಬಿ ಎನ್ನುವುದಿಲ್ಲ, ದಾಯಾದಿ ಪಂದ್ಯ ಎನ್ನುತ್ತೇನೆ.

ಫುಟ್‌ಬಾಲಿನಲ್ಲಿ ಹೈದರಾಬಾದಿಗೆ ದಾಯಾದಿ ಯಾರು? ಕೋಲ್ಕತ್ತ ಅನ್ನುವವರಿದ್ದಾರೆ. ನಾನು ಬೆಂಗಳೂರು ಅನ್ನುತ್ತೇನೆ. ಎರಡೂ ದಖನ್ನಿನ ಊರು. ಎರಡರ ಪಕ್ಕದಲ್ಲೂ ದೊಡ್ಡ ದಂಡು ಪ್ರದೇಶ: ಇಲ್ಲಿ ಸಿಕಂದರಾಬಾದ್, ಅಲ್ಲಿ ಬೆಂಗಳೂರು ದಂಡು. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ನೋಡಿ ನೋಡಿ ಕಲಿತ ಹುಡುಗರು ಎರಡೂ ಕಡೆ. ಮುಂಬಯಿಯ ರೋವರ್ಸ್ ಕಪ್ ಎಂಬ ಹಳೆಯ ಪಂದ್ಯಾವಳಿ ಇತ್ತು. ದಶಕಗಳ ಕಾಲ ಅದನ್ನು ಗೆಲ್ಲುತ್ತಿದ್ದದ್ದು ಬ್ರಿಟಿಷ್ ಪಲ್ಟನ್ನುಗಳು. 1937ರಲ್ಲಿ ಆ ಕಪ್ಪನ್ನು ಎತ್ತಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷ ಮತ್ತೆ ಅವರೇ. 1948ರಲ್ಲಿ ಮೂರನೆಯ ಸಲ. ಆಮೇಲೆ ಹೈದರಾಬಾದಿನ ಸರದಿ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ, ಒಂದು ವರ್ಷವೂ ಬಿಡದೆ, ಐದು ಸಲ ಅದೇ ರೋವರ್ಸ್ ಕಪ್ ಗೆದ್ದಿತು. 1950ರಲ್ಲಿ ಡ್ಯೂರಾಂಡ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿತು. 1957ರಲ್ಲಿ ಡ್ಯೂರಾಂಡ್, ರೋವರ್ಸ್ ಎರಡನ್ನೂ ತಂದಿತು. ಕಪ್ಪಿನ ಮೇಲೆ ಕೆತ್ತಿದ ಹೆಸರುಗಳಲ್ಲಿ ಮೊದಲು ಬೆಂಗಳೂರು, ಆಮೇಲೆ ಹೈದರಾಬಾದ್. ಒಂದೇ ಬಾವಿಗೆ ಇಬ್ಬರೂ ಕೊಡ ಇಳಿಸಿದ ಹಾಗೆ.

ಆ ಪೊಲೀಸ್ ತಂಡದ ಹಿಂದೆ ಇದ್ದವರು ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಅವರ ಮೇಲೆ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂತು, ಅಜಯ್ ದೇವಗನ್ ರಹೀಮ್ ಆಗಿದ್ದರು. ಸಿನಿಮಾ ನೋಡಿದವರಿಗೆ ಅವರು ಕೋಚ್ ಆಗಿ ಗೊತ್ತು. ಆದರೆ ಅವರು ಮೂಲತಃ ಮೇಷ್ಟ್ರು, ರಹೀಮ್ ಸಾಹೇಬರು. ಅವರು ಪಾಠ ಹೇಳಿದ ಶಾಲೆಗಳಲ್ಲಿ ಒಂದು ಕಾಚಿಗುಡದ ಮಿಡ್ಲ್ ಸ್ಕೂಲು, ಇನ್ನೊಂದು ಚಾದರ್‌ಘಾಟ್ ಹೈಸ್ಕೂಲು. ಕಾಚಿಗುಡ ಎಂದ ಕೂಡಲೇ ಹೈದರಾಬಾದಿನ ಕನ್ನಡಿಗರ ಕಿವಿ ನಿಮಿರುತ್ತದೆ ಅಂತ ನನಗೆ ಗೊತ್ತು. ನಮ್ಮ ಕರ್ನಾಟಕ ಸಾಹಿತ್ಯ ಮಂದಿರ, ನಮ್ಮ ನೃಪತುಂಗ ಶಾಲೆ ಇರುವ ಅದೇ ಕಾಚಿಗುಡ. ರಹೀಮ್ ಅವರ ಕಲಿಸುವ ರೀತಿಯಲ್ಲೂ ಮೇಷ್ಟ್ರತನವೇ ಎದ್ದು ಕಾಣುತ್ತದೆ. ಬಲಗಾಲಿನವರು ಎಡಗಾಲಿನಲ್ಲೇ, ಎಡಗಾಲಿನವರು ಬಲಗಾಲಿನಲ್ಲೇ ಚೆಂಡು ಒದೆಯಬೇಕು ಎಂಬ ಪಂದ್ಯಗಳನ್ನು ಏರ್ಪಡಿಸುತ್ತಿದ್ದರಂತೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಸರ್ಕಸ್ ಮಾಡುವಂತಿಲ್ಲ, ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು ಎಂಬ ಪಂದ್ಯಗಳನ್ನೂ ನಡೆಸುತ್ತಿದ್ದರಂತೆ. ಕಾಪಿ ಬರೆಸಿದ ಹಾಗೆ. ಅವರು ತಯಾರು ಮಾಡಿದ ಭಾರತ ತಂಡ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ. ಜಕಾರ್ತ ಗೆದ್ದ ಮರುವರ್ಷ, 1963ರ ಜೂನಿನಲ್ಲಿ, ಅವರು ತೀರಿಕೊಂಡರು.

ನಮ್ಮ ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯ ಹಿರಿಯರೊಬ್ಬರು ಇದ್ದಾರೆ. ಎಂಬತ್ತು ದಾಟಿದವರು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಬೆಂಗಳೂರಿನ ತಂಡ ಗಚ್ಚಿಬೌಲಿಗೆ ಆಡಲು ಬಂದಾಗ ಒಮ್ಮೆ ಕೇಳಿದ್ದೆ: "ಕಾಕಾ, ನೀವು ಯಾರ ಕಡೆ?" ಅವರು ಅಂದದ್ದು: "ಏನವ್ವಾ ಹಿಂಗ ಕೇಳ್ತಿ? ನಾ ಹುಟ್ಟಿದಾಗ ನಮಗ ರಾಜಧಾನಿ ಇದೇ ಇತ್ತು. ಬೆಂಗಳೂರು ಅಂದ್ರ ಆಗ ಪರಸ್ಥಳ. ಪೊಲೀಸ್ ಟೀಮು ಅಂದ್ರ ನಮ್ಮ ಟೀಮೇ." ನಾನು ಬೀದರಿನವಳು, ಆ ಮಾತು ನನಗೂ ಸೇರಿದ್ದೇ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದವು. ರೋವರ್ಸ್ ಕಪ್ಪು ಐದು ಸಲ ಬಂದದ್ದು ಆ ಕಾಲದಲ್ಲಿ. ಇನ್ನೂ ಒಂದು ವಿಚಿತ್ರ ನೋಡಿ. ರಾಜ್ಯ ಒಡೆದು ಮೂರು ಪಾಲಾಯಿತು, ಆದರೆ ಸಂತೋಷ್ ಟ್ರೋಫಿಯಲ್ಲಿ 'ಹೈದರಾಬಾದ್' ಎಂಬ ಹೆಸರಿನ ತಂಡವೇ 1956–57ರಲ್ಲೂ 1957–58ರಲ್ಲೂ ಗೆದ್ದಿತು. ರಾಜ್ಯ ಹೋದ ಮೇಲೂ ತಂಡದ ಹೆಸರು ಸ್ವಲ್ಪ ಕಾಲ ಆಡುತ್ತಿತ್ತು. 1961ರ ಡ್ಯೂರಾಂಡ್ ಗೆಲ್ಲುವ ಹೊತ್ತಿಗೆ ನಮ್ಮ ಪೊಲೀಸರು 'ಆಂಧ್ರಪ್ರದೇಶ ಪೊಲೀಸ್' ಆಗಿದ್ದರು.

ಇವೆಲ್ಲ ದೇಶದೊಳಗಿನ ಕಪ್ಪುಗಳು. ಖಂಡದ ಮಟ್ಟದ ಕ್ಲಬ್ ಪಂದ್ಯಾವಳಿಗೆ ಭಾರತದಿಂದ ಮೊದಲು ಹೋದವರು ಯಾರು ಬಲ್ಲಿರಾ? ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಲ್ಲ. ನಮ್ಮ ಮೈಸೂರು ರಾಜ್ಯ ತಂಡ! ಆಗ ನಮ್ಮಲ್ಲಿ ರಾಷ್ಟ್ರೀಯ ಕ್ಲಬ್ ಲೀಗ್ ಇರಲಿಲ್ಲ. ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು, 1969ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಪಂದ್ಯಾವಳಿಯಲ್ಲಿ ಆಡಿ ನಾಲ್ಕನೆಯ ಸ್ಥಾನ ಪಡೆಯಿತು. ಆಮೇಲೆ ಕನ್ನಡದ ನೆಲದಿಂದ ಒಂದು ತಂಡ ಏಷ್ಯಾದ ಫೈನಲ್‌ವರೆಗೆ ಹೋಗಲು 2016 ಬರಬೇಕಾಯಿತು. ಎ.ಎಫ್.ಸಿ. ಕಪ್ ಎಂಬುದು ಆಗ ಏಷ್ಯಾದ ಎರಡನೆಯ ದರ್ಜೆಯ ಕ್ಲಬ್ ಪಂದ್ಯಾವಳಿಯಾಗಿತ್ತು. ಬೆಂಗಳೂರು ಎಫ್.ಸಿ. ಆ ವರ್ಷ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ನರಾದ ಮಲೇಷ್ಯಾದ ಜೋಹರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಬಗ್ಗುಬಡಿದು ಫೈನಲ್ ಸೇರಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ಫೈನಲ್. ಎದುರಾಳಿ ಬಾಗ್ದಾದಿನ ಏರ್ ಫೋರ್ಸ್ ಕ್ಲಬ್. ಹಮ್ಮಾದಿ ಅಹ್ಮದ್ 70ನೆಯ ನಿಮಿಷದಲ್ಲಿ ಹೊಡೆದ ಒಂದೇ ಗೋಲು, ಅಷ್ಟೇ. ಕಪ್ಪು ಇರಾಕಿಗೆ ಹೋಯಿತು. ಹೋಗಲಿ ಬಿಡಿ ಅನ್ನಿಸಿತ್ತು ನನಗೆ. ಯಾಕೆಂದರೆ ಆ ಇರಾಕಿನ ಕ್ಲಬ್ಬಿಗೆ ಆಗ ತನ್ನ ಊರಿನಲ್ಲಿ ಅಂತಾರಾಷ್ಟ್ರೀಯ ಪಂದ್ಯ ಆಡುವ ಭಾಗ್ಯವಿರಲಿಲ್ಲ. ಬಾಗ್ದಾದಿನ ತಂಡಕ್ಕೆ ದೋಹಾವೇ ತವರು ಮೈದಾನ. ಊರಿದ್ದೂ ಊರಿಲ್ಲದ ತಂಡ.

ಊರಿಲ್ಲದ ತಂಡ, ತಂಡವಿಲ್ಲದ ಊರು. ಈಗ ಕೊರಿಯಾದ ಕಥೆಗೆ ಬಂದೆ.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಿಂದ ದಕ್ಷಿಣಕ್ಕೆ ಹೊರಟರೆ ಒಂದೇ ರೈಲು ಮಾರ್ಗದಲ್ಲಿ ಮೊದಲು ಅನ್ಯಾಂಗ್ ಎಂಬ ಊರು, ಮುಂದೆ ಸುವಾನ್ ಎಂಬ ಊರು. ನಡುವೆ ಒಂದು ಗುಡ್ಡದ ದಾರಿ, ಅದರ ಹೆಸರು ಜಿಜಿದೆ. ಆ ಹೆಸರಿಗೆ ಒಂದು ಕಥೆಯುಂಟು. ಹದಿನೆಂಟನೆಯ ಶತಮಾನದ ಜಿಯೊಂಗ್ಜೊ ಎಂಬ ದೊರೆ ಸುವಾನಿನ ಬಳಿ ಇದ್ದ ತನ್ನ ತಂದೆಯ ಸಮಾಧಿಗೆ ಹೋಗಿ ಬರುತ್ತಿದ್ದ. ಆ ತಂದೆಯ ಸಾವು ಸಾಮಾನ್ಯವಾದದ್ದಲ್ಲ. ಹೆತ್ತ ತಂದೆಯೇ, ಅಂದರೆ ಈ ದೊರೆಯ ಅಜ್ಜನೇ, ಮಗನನ್ನು ಅಕ್ಕಿಯ ಪೆಟ್ಟಿಗೆಯಲ್ಲಿ ಮುಚ್ಚಿಸಿ ಕೊಲ್ಲಿಸಿದ್ದ. ಸಮಾಧಿಗೆ ನಮಸ್ಕರಿಸಿ ರಾಜಧಾನಿಗೆ ಹಿಂದಿರುಗುವಾಗ ಈ ಗುಡ್ಡ ದಾಟಿದರೆ ಮತ್ತೆ ಆ ದಿಕ್ಕು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅಲ್ಲಿ ದೊರೆ ಮೇಲಿಂದ ಮೇಲೆ ಹಿಂದಿರುಗಿ ನೋಡುತ್ತಿದ್ದ, ಮೆರವಣಿಗೆ ನಿಧಾನವಾಗುತ್ತಿತ್ತು. 'ಜಿಜಿ' ಅಂದರೆ ತಡ ತಡವಾಗಿ, ನಿಧಾನ ನಿಧಾನವಾಗಿ ಎಂದು. ಗುಡ್ಡಕ್ಕೆ ಅದೇ ಹೆಸರಾಯಿತು.

ಈ ಗುಡ್ಡದ ಎರಡು ಮಗ್ಗುಲಿನಲ್ಲಿ ಎರಡು ಫುಟ್‌ಬಾಲ್ ಕ್ಲಬ್ಬುಗಳು. ಸುವಾನಿನಲ್ಲಿ ಸ್ಯಾಮ್‌ಸಂಗ್ ಕಂಪನಿಯ ಬ್ಲೂವಿಂಗ್ಸ್, ನೀಲಿ ಅಂಗಿ. ಅನ್ಯಾಂಗಿನಲ್ಲಿ ಎಲ್.ಜಿ. ಕಂಪನಿಯ ಚೀತಾಸ್, ಕೆಂಪು ಅಂಗಿ. ಟಿ.ವಿ., ಫ್ರಿಜ್ಜು, ವಾಷಿಂಗ್ ಮೆಷೀನು ಮಾರುವಲ್ಲಿ ಪೈಪೋಟಿಗಿಳಿದ ಎರಡು ಕಂಪನಿಗಳೇ ಮೈದಾನದಲ್ಲೂ ಎದುರುಬದುರು. ಸಾಲದ್ದಕ್ಕೆ ಅನ್ಯಾಂಗಿನ ಕಣ್ಮಣಿಯಾಗಿದ್ದ ಸಿಯೊ ಜಂಗ್ ವೊನ್ ಎಂಬ ಆಟಗಾರ ಫ್ರಾನ್ಸಿಗೆ ಹೋಗಿದ್ದವನು 1999ರಲ್ಲಿ ಹಿಂದಿರುಗಿದಾಗ ತವರಿಗೆ ಬರದೆ ಗುಡ್ಡದಾಚೆ ಸುವಾನಿಗೆ ಸೇರಿಬಿಟ್ಟ. ವಿಷಯ ಕೋರ್ಟಿಗೆ ಹೋಯಿತು. ಅನ್ಯಾಂಗಿನ ಅಭಿಮಾನಿಗಳು ಅವನ ಹೆಸರಿನ ಅಂಗಿ ಸುಟ್ಟರು. ಇವರ ಪಂದ್ಯಕ್ಕೆ ಜನ ಇಟ್ಟ ಹೆಸರು ಜಿಜಿದೆ ಡರ್ಬಿ. (ಆಡುವುದಿಲ್ಲ ಎಂದ ಶಬ್ದ ಆಡಿಯೇಬಿಟ್ಟೆ, ಅದು ಅವರ ಹೆಸರು, ನನ್ನದಲ್ಲ.)

2001–02ರ ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್ಪಿನಲ್ಲಿ ಈ ಎರಡೂ ತಂಡಗಳು ಗೆಲ್ಲುತ್ತಾ ಗೆಲ್ಲುತ್ತಾ ಹೋದವು. ಕೊನೆಯ ನಾಲ್ಕು ತಂಡಗಳ ಪಂದ್ಯಗಳು ಇರಾನಿನ ತೆಹರಾನಿನಲ್ಲಿ. ಅಲ್ಲಿನ ಎಸ್ತೆಘ್ಲಾಲ್, ಉಜ್ಬೇಕಿಸ್ತಾನದ ನಸಾಫ್ ಕೂಡ ಇದ್ದವು, ಎರಡೂ ಸೆಮಿಫೈನಲ್‌ನಲ್ಲಿ ಸೋತವು. ಹಾಗಾಗಿ 2002ರ ಏಪ್ರಿಲ್ 5ರಂದು, ಒಂದು ಗುಡ್ಡದ ಆಚೆ ಈಚೆಯ ಎರಡು ಊರುಗಳು ಅರ್ಧ ಏಷ್ಯಾ ದಾಟಿ ಹೋಗಿ ತೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಎದುರಾದವು. ನಮ್ಮ ಮನೆಯ ಜಗಳವನ್ನು ತೀರಿಸಿಕೊಳ್ಳಲು ಕಾಶಿಗೆ ಹೋದ ಹಾಗೆ! ಪಂದ್ಯ ಹೇಗಿತ್ತು ಎಂದರೆ, ಒಂದೂ ಗೋಲು ಬರಲಿಲ್ಲ. ಹೆಚ್ಚುವರಿ ಸಮಯದಲ್ಲೂ ಇಲ್ಲ. ನನಗೆ ಇದು ಆಶ್ಚರ್ಯವಲ್ಲ. ದಾಯಾದಿಗಳು ಗೆಲ್ಲುವುದಕ್ಕಿಂತ ಹೆಚ್ಚಾಗಿ ಸೋಲಬಾರದು ಎಂದು ಆಡುತ್ತಾರೆ. ಹೊರಗಿನವರ ಎದುರು ಸೋತರೆ ಒಂದು ವಾರ ದುಃಖ. ಪಕ್ಕದವನ ಎದುರು ಸೋತರೆ ದಿನಾ ಬೆಳಿಗ್ಗೆ ಅದೇ ರೈಲಿನಲ್ಲಿ ಅವನ ಮುಖ ನೋಡಬೇಕು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಸುವಾನ್ 4–2ರಿಂದ ಗೆದ್ದಿತು. ಹಿಂದಿನ ವರ್ಷದ ಚಾಂಪಿಯನ್ನರೂ ಅವರೇ, ಈಗಲೂ ಅವರೇ.

ಇಲ್ಲಿಗೆ ಇದು ಒಂದು ಪಂದ್ಯದ ಕಥೆ. ಮುಂದಿನದು ಊರಿನ ಕಥೆ. 2002ರಲ್ಲಿ ಕೊರಿಯಾ ಜಪಾನಿನೊಡನೆ ವಿಶ್ವಕಪ್ ನಡೆಸಿತು. ಸೋಲ್ ನಗರದಲ್ಲಿ ಭವ್ಯವಾದ ಹೊಸ ಕ್ರೀಡಾಂಗಣ ಎದ್ದಿತು. ವಿಶ್ವಕಪ್ ಮುಗಿದ ಮೇಲೆ ಅಲ್ಲಿ ಆಡಲು ಒಂದು ಕ್ಲಬ್ ಬೇಕಾಯಿತು. 2004ರಲ್ಲಿ ಎಲ್.ಜಿ. ಚೀತಾಸ್ ಗಂಟುಮೂಟೆ ಕಟ್ಟಿ ರಾಜಧಾನಿಗೆ ಹೊರಟು ಎಫ್.ಸಿ. ಸೋಲ್ ಆಯಿತು. ಕ್ಲಬ್ಬಿನವರು ಹೇಳಿದ್ದರಲ್ಲೂ ಒಂದು ನ್ಯಾಯವಿತ್ತು: ನಾವು 1996ರಲ್ಲಿ ಅನ್ಯಾಂಗಿಗೆ ಬಂದದ್ದೇ ಸೋಲ್‌ನಿಂದ, ಈಗ ಹಿಂದಿರುಗುತ್ತಿದ್ದೇವೆ. ಕಾಗದದ ಮೇಲೆ ಅದು ಸರಿ. ಆದರೆ ಎಂಟು ವರ್ಷ ವಾರವಾರ ಮೈದಾನಕ್ಕೆ ಬಂದು ಕೂಗಿದ ಮಕ್ಕಳಿಗೆ ಆ ಕಾಗದ ಯಾರು ಓದಿ ಹೇಳಬೇಕು? ಎರಡು ವರ್ಷದ ಹಿಂದೆ ಏಷ್ಯಾದ ಫೈನಲ್ ಆಡಿದ ಊರಿಗೆ ಈಗ ಒಂದು ತಂಡವೇ ಇಲ್ಲ.

ಅನ್ಯಾಂಗಿನವರು ಏನು ಮಾಡಿದರು? ಬೇರೆ ತಂಡ ಹುಡುಕಿಕೊಳ್ಳಲಿಲ್ಲ. ನಗರಸಭೆಯ ಹಿಂದೆ ಬಿದ್ದರು. ವರ್ಷ ಒಂದಲ್ಲ ಎರಡಲ್ಲ, ಒಂಬತ್ತು ವರ್ಷ. 2013ರಲ್ಲಿ ನಗರವೇ ತನ್ನ ಹಣದಿಂದ ಎಫ್.ಸಿ. ಅನ್ಯಾಂಗ್ ಎಂಬ ಹೊಸ ಕ್ಲಬ್ ಕಟ್ಟಿತು. ಕಂಪನಿಯದಲ್ಲ, ಊರಿನದು. ಹಳೆಯ ಕೆಂಪು ಬೇಡವೆಂದು ಅಂಗಿಗೆ ನೇರಳೆ ಬಣ್ಣ ಆರಿಸಿಕೊಂಡರು. ಅನ್ಯಾಂಗಿನಲ್ಲಿ ಬೆಳೆಯುತ್ತಿದ್ದ ದ್ರಾಕ್ಷಿಯ ಬಣ್ಣವದು. ಎರಡನೆಯ ದರ್ಜೆಯ ಲೀಗಿನಲ್ಲಿ ಹನ್ನೆರಡು ಹಂಗಾಮು ಆಡಿದರು. 2017ರಲ್ಲಿ ಕೊರಿಯಾದ ಎಫ್.ಎ. ಕಪ್ಪಿನಲ್ಲಿ ಮೊದಲ ಸಲ ಎಫ್.ಸಿ. ಸೋಲ್ ಎದುರು ನಿಂತರು, 0–2ರಿಂದ ಸೋತರು. 2024ರಲ್ಲಿ ಇನ್ನೊಂದು ಚೋದ್ಯ ನಡೆಯಿತು. ಏಷ್ಯಾದ ರಾಜನಾಗಿದ್ದ ಸುವಾನ್ ಹಿಂದಿನ ವರ್ಷ ಕೊನೆಯ ಸ್ಥಾನಕ್ಕೆ ಕುಸಿದು ಎರಡನೆಯ ದರ್ಜೆಗೆ ಇಳಿದು ಬಂದಿತ್ತು! ಹಳೆಯ ದಾಯಾದಿಗಳ ಊರುಗಳು ಕೆಳಗಿನ ಅಂಗಳದಲ್ಲಿ ಮತ್ತೆ ಮುಖಾಮುಖಿ. ಆ ವರ್ಷ ಚಾಂಪಿಯನ್ ಆಗಿ ಮೇಲಿನ ದರ್ಜೆಗೆ ಏರಿದ್ದು ಅನ್ಯಾಂಗ್, ಸುವಾನಿಗೆ ಏರಲಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಅನ್ಯಾಂಗಿನ ಜನ ನೇರಳೆ ಅಂಗಿ ತೊಟ್ಟು ಸೋಲ್‌ನ ಆ ವಿಶ್ವಕಪ್ ಕ್ರೀಡಾಂಗಣಕ್ಕೆ ಹೋದರು, ತಮ್ಮನ್ನು ಬಿಟ್ಟುಹೋದ ಕ್ಲಬ್ಬಿನ ಎದುರು ಲೀಗ್ ಪಂದ್ಯ ಆಡಲು. ಇಪ್ಪತ್ತೊಂದು ವರ್ಷ ಕಾದು.

ಮ್ಯಾಡ್ರಿಡ್ಡಿನ ಮಾತು ಬಿಟ್ಟರೆ ನಮ್ಮ ಹುಡುಗರು ನನ್ನನ್ನು ಕ್ಷಮಿಸುವುದಿಲ್ಲ, ಅದಕ್ಕೆ ಚಿಕ್ಕದಾಗಿ. ಆ ಊರಿನಲ್ಲಿ ಎರಡು ಕಾರಂಜಿಗಳಿವೆ, ಒಂದು ಸಿಬೆಲೆ ದೇವಿಯದು, ಒಂದು ನೆಪ್ಚೂನ್ ದೇವನದು. ರಿಯಲ್ ಮ್ಯಾಡ್ರಿಡ್ ಗೆದ್ದರೆ ಜನ ದೇವಿಯ ಹತ್ತಿರ ಕುಣಿಯುತ್ತಾರೆ, ಅಟ್ಲೆಟಿಕೊ ಗೆದ್ದರೆ ದೇವನ ಹತ್ತಿರ. ಎರಡರ ನಡುವೆ ನಡೆದೇ ಹೋಗುವಷ್ಟು ದೂರ. 2014ರ ಮೇ 24ರಂದು ಲಿಸ್ಬನ್ನಿನಲ್ಲಿ ಯುರೋಪಿನ ಫೈನಲ್. ಒಂದೇ ಊರಿನ ಎರಡು ತಂಡಗಳು ಆ ಫೈನಲ್ ಆಡಿದ್ದು ಅದೇ ಮೊದಲು. ಅಟ್ಲೆಟಿಕೊ 36ನೆಯ ನಿಮಿಷದಲ್ಲಿ ಗೋಲು ಹೊಡೆದು ಪಂದ್ಯ ಮುಗಿಯುವವರೆಗೂ ಮುಂದಿತ್ತು. ಮುಗಿದೇಹೋಯಿತು ಅನ್ನುವಾಗ, 93ನೆಯ ನಿಮಿಷದಲ್ಲಿ, ಸರ್ಜಿಯೊ ರಾಮೋಸ್ ತಲೆಯಿಂದ ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ರಿಯಲ್ ಇನ್ನೂ ಮೂರು ಹೊಡೆದು 4–1ರಿಂದ ಗೆದ್ದಿತು. 1974ರಲ್ಲೂ ಅಟ್ಲೆಟಿಕೊ ಇದೇ ಫೈನಲ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಬಯರ್ನ್ ಮ್ಯೂನಿಕ್‌ಗೆ ಕಪ್ಪು ಕೈಬಿಟ್ಟಿತ್ತು. 2016ರಲ್ಲಿ 1–1 ಆಗಿ, ಪೆನಾಲ್ಟಿಯಲ್ಲಿ ಮತ್ತೆ ಸೋತಿತು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದಾವುದೂ ಅಲ್ಲ. ಅಟ್ಲೆಟಿಕೊ ಎಂಬ ಕ್ಲಬ್ಬನ್ನು 1903ರಲ್ಲಿ ಕಟ್ಟಿದವರು ಮ್ಯಾಡ್ರಿಡ್ಡಿನ ಮೂಲದವರಲ್ಲ. ಓದಲು ಬಂದಿದ್ದ ಬಾಸ್ಕ್ ಪ್ರಾಂತದ ವಿದ್ಯಾರ್ಥಿಗಳು. ಅವರ ಮಾತೇ ಬೇರೆ, ಸೀಮೆಯೇ ಬೇರೆ. ತಮ್ಮ ಬಿಲ್ಬಾವೊ ಊರಿನ ಕ್ಲಬ್ಬಿನ ಒಂದು ಶಾಖೆಯಾಗಿ ಶುರು ಮಾಡಿದರು. ಪರ ಊರಿನಲ್ಲಿ ನಾಲ್ಕು ಜನ ನಮ್ಮವರು ಸೇರಿ ಸಂಘ ಕಟ್ಟುವುದು ಎಂದರೇನು ಎಂದು ಕಾಚಿಗುಡದ ಕನ್ನಡಿಗರಿಗೆ ನಾನು ಹೇಳಿಕೊಡಬೇಕೇ?

ಬ್ಯೂನಸ್ ಐರಿಸ್ಸಿನದು ಇನ್ನೂ ಚಿಕ್ಕದಾಗಿ, ಅದು ನೆನೆಯಲು ಸುಖವಾದದ್ದಲ್ಲ. 2018ರಲ್ಲಿ ಬೊಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ನಡುವಿನ ಫೈನಲ್‌ನ ಎರಡನೆಯ ಪಂದ್ಯಕ್ಕೆ ಹೋಗುತ್ತಿದ್ದ ಬೊಕಾ ಆಟಗಾರರ ಬಸ್ಸಿನ ಮೇಲೆ ಕಲ್ಲುಗಳು ಬಿದ್ದವು, ಆಟಗಾರರಿಗೆ ಗಾಯವಾಯಿತು. ಪಂದ್ಯವನ್ನು ಊರಿನಿಂದಲೇ ಎತ್ತಿ ಡಿಸೆಂಬರ್ 9ರಂದು ಮ್ಯಾಡ್ರಿಡ್ಡಿನಲ್ಲಿ ಆಡಿಸಿದರು. ರಿವರ್ 3–1ರಿಂದ ಗೆದ್ದಿತು. ಆ ಕಪ್ಪಿನ ಹೆಸರು ಲಿಬರ್ತಡೋರೆಸ್, ಅಂದರೆ ವಿಮೋಚಕರು, ದಕ್ಷಿಣ ಅಮೆರಿಕವನ್ನು ಪರಕೀಯರ ಆಳ್ವಿಕೆಯಿಂದ ಬಿಡಿಸಿದವರು. ಅದನ್ನು ಆಡಲು ಸ್ಪೇನಿಗೇ ಹೋಗಬೇಕಾಯಿತು. ಪಾಲಿಗಾಗಿ ಹೊಡೆದಾಡಿ ಮನೆಗೇ ಬೆಂಕಿ ಇಟ್ಟುಕೊಳ್ಳುವ ದಾಯಾದಿಗಳೂ ಇರುತ್ತಾರೆ.

ಈಗ ನಮ್ಮೂರಿಗೆ ಬರೋಣ. 2019ರಲ್ಲಿ ಪುಣೆಯ ಕ್ಲಬ್ ಮುಚ್ಚಿದಾಗ ಇಂಡಿಯನ್ ಸೂಪರ್ ಲೀಗಿನಲ್ಲಿ ಅದರ ಜಾಗ ಹೈದರಾಬಾದಿಗೆ ಸಿಕ್ಕಿತು. ಹೈದರಾಬಾದ್ ಎಫ್.ಸಿ. ಹುಟ್ಟಿತು. ಹಳದಿ ಅಂಗಿ, ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ, 'ದಖನ್ ಲೀಜನ್' ಎಂಬ ಅಭಿಮಾನಿಗಳ ಗುಂಪು. ಮನೋಲೊ ಮಾರ್ಕ್ವೆಜ್ ಎಂಬ ಸ್ಪೇನಿನ ಕೋಚ್ ಬಂದ ಮೇಲೆ ತಂಡಕ್ಕೆ ಕಳೆ ಬಂತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಲೀಗಿನ ಫೈನಲ್, ಎದುರು ಕೇರಳ. 88ನೆಯ ನಿಮಿಷದವರೆಗೆ ಸೋಲುತ್ತಿದ್ದ ತಂಡಕ್ಕೆ ಸಾಹಿಲ್ ತವೋರಾ ದೂರದಿಂದ ಹೊಡೆದ ಗೋಲು ಉಸಿರು ಕೊಟ್ಟಿತು. ಪೆನಾಲ್ಟಿಗಳು ಬಂದವು. ನಮ್ಮ ಗೋಲಿ ಮೂರು ಒದೆತ ತಡೆದ. ಅವನ ಹೆಸರು ಲಕ್ಷ್ಮೀಕಾಂತ ಕಟ್ಟಿಮನಿ! ಗೋವಾದ ಹುಡುಗ. ಆದರೆ ಆ ಅಡ್ಡಹೆಸರು ಕೇಳಿದ ಕನ್ನಡದವರು ಯಾರು ತಾನೇ ಎದ್ದು ಕೂರುವುದಿಲ್ಲ? ಬಸವರಾಜ ಕಟ್ಟೀಮನಿಯವರ ಕಾದಂಬರಿ ಓದಿ ಬೆಳೆದ ನಾನಂತೂ ಕೂತಿರಲಿಲ್ಲ. ಹೈದರಾಬಾದ್ ಚಾಂಪಿಯನ್ ಆಯಿತು.

ಮೂರೂವರೆ ವರ್ಷ. ಅಷ್ಟೇ. ಸಂಬಳ ಬಾಕಿಯ ದೂರುಗಳು ಬಂದವು, ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಫೀಫಾ ನಿಷೇಧ ಹೇರಿತು, ಇದ್ದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2023–24ರ ಇಡೀ ಹಂಗಾಮಿನಲ್ಲಿ ತಂಡ ಗೆದ್ದದ್ದು ಒಂದೇ ಪಂದ್ಯ. ಮಾಲೀಕರು ಬದಲಾದರು. 2025ರ ಅಕ್ಟೋಬರಿನಲ್ಲಿ ಕ್ಲಬ್ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿಟ್ಟುಕೊಂಡಿತು. ದೆಹಲಿಯಲ್ಲಿ ಜಾಗ ಖಾಲಿ ಇದ್ದದ್ದು ಹೇಗೆ ಎಂದರೆ, 2019ರಲ್ಲಿ ಅಲ್ಲಿಯ ಡೈನಮೋಸ್ ಕ್ಲಬ್ ಒಡಿಶಾಕ್ಕೆ ಹೋಗಿತ್ತು. ಪುಣೆಯ ಜಾಗ ಹೈದರಾಬಾದಿಗೆ, ದೆಹಲಿಯದು ಭುವನೇಶ್ವರಕ್ಕೆ, ಹೈದರಾಬಾದಿನದು ದೆಹಲಿಗೆ. ಬಾಡಿಗೆ ಮನೆ ಬದಲಾಯಿಸಿದ ಹಾಗೆ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಈ ಊರಿನಲ್ಲಿ ಇನ್ನೊಂದು ಕ್ಲಬ್ ಇದೆ, ಅಜೀಜ್ ನಗರದ ದಖನ್ ಅರೀನಾದಲ್ಲಿ ಆಡಿದ ಶ್ರೀನಿಧಿ ದಖನ್. ಐ-ಲೀಗಿನಲ್ಲಿ 2022–23ರಲ್ಲೂ 2023–24ರಲ್ಲೂ ಅದು ಎರಡನೆಯ ಸ್ಥಾನ ಪಡೆಯಿತು. 2024ರ ಜನವರಿಯಲ್ಲಿ ಭುವನೇಶ್ವರದ ಸೂಪರ್ ಕಪ್ಪಿನಲ್ಲಿ ಒಂದು ಸೊಗಸಾದ ಯೋಗ ಕೂಡಿಬಂದಿತ್ತು: ಒಂದೇ ಗುಂಪಿನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಹೈದರಾಬಾದ್, ಶ್ರೀನಿಧಿ. ಕೋಲ್ಕತ್ತದ ಇಬ್ಬರು ದಾಯಾದಿಗಳು, ಹೈದರಾಬಾದಿನ ಇಬ್ಬರು. ಕೋಲ್ಕತ್ತದವರ ಪಂದ್ಯವನ್ನು ದೇಶವೆಲ್ಲ ನೋಡಿತು. ನಮ್ಮವರ ಪಂದ್ಯದಲ್ಲಿ ಶ್ರೀನಿಧಿ ಗೆದ್ದಿತು. ಹಾಗೊಂದು ಪಂದ್ಯ ನಡೆಯಿತು ಎಂದು ಮರುದಿನ ನಮ್ಮ ಬರ್ಕತ್‌ಪುರದಲ್ಲಿ ಕೇಳಿದರೆ ಹೇಳುವವರು ಇರಲಿಲ್ಲ. ಆಟ ಇತ್ತು, ಆಟಗಾರರಿದ್ದರು. ಜಿದ್ದು ಕಟ್ಟುವ ಜನ ಇರಲಿಲ್ಲ. ಜಿದ್ದು ಒಂದು ವರ್ಷದಲ್ಲಿ ಬೆಳೆಯುವ ಬೆಳೆಯೂ ಅಲ್ಲ. ಮೋಹನ್ ಬಗಾನಿಗೆ, ಈಸ್ಟ್ ಬೆಂಗಾಲಿಗೆ ನೂರು ವರ್ಷ ದಾಟಿದೆ. ನಮ್ಮ ಹಳದಿ ಅಂಗಿಗೆ ಆರು ವರ್ಷ ತುಂಬುತ್ತಲೇ ಊರು ತಪ್ಪಿತು.

ನಮ್ಮ ಕನ್ನಡ ಅವಧಿಯಲ್ಲಿ ಒಂದು ಹಾಡನ್ನು ಸಮಯವಿಲ್ಲವೆಂದು ಅರ್ಧಕ್ಕೆ ನಿಲ್ಲಿಸಿದರೆ ಹತ್ತು ಫೋನು ಬರುತ್ತವೆ, ಸಂತೋಷ. ಕ್ಲಬ್ ದೆಹಲಿಗೆ ಹೋದ ವಾರ ಆ ಬಗ್ಗೆ ಒಂದು ಪತ್ರವೂ ಬರಲಿಲ್ಲ. ನೀವು ಏನಂದೀರಿ, ಬೆಂಗಳೂರಿನ ತಂಡ ಇದೆಯಲ್ಲ, ಕನ್ನಡಿಗರಿಗೆ ಅದು ಸಾಲದೇ ಎಂದು? ಸಾಲದು. ಬೆಂಗಳೂರಿನವರು ಗಚ್ಚಿಬೌಲಿಗೆ ಬಂದ ಸಂಜೆ ನಮ್ಮ ಎಷ್ಟು ಮನೆಗಳಲ್ಲಿ ಅಪ್ಪ ನೀಲಿ, ಮಗ ಹಳದಿ! ಅಪ್ಪನಿಗೆ ಬಿಟ್ಟುಬಂದ ಊರಿನ ಸೆಳೆತ, ಮಗನಿಗೆ ಹುಟ್ಟಿದ ಊರಿನದು. ಒಂದೇ ಸ್ಕೂಟರಿನಲ್ಲಿ ಹೋಗಿ, ಬೇರೆ ಬೇರೆ ಬಣ್ಣದ ಪಾಲು ಕೇಳಿ, ಒಂದೇ ಸ್ಕೂಟರಿನಲ್ಲಿ ವಾಪಸು ಬರುವುದು ಇತ್ತಲ್ಲ, ಈಗ ಅದಿಲ್ಲ. ಪಕ್ಕದ ಮನೆಯ ಕಾಕಾ ಅವರನ್ನು ಮತ್ತೆ ಕೇಳಿದೆ: "ಈಗ ಯಾರ ಕಡೆ ಕಾಕಾ?" ಅವರು ಅಂದರು, "ಬೆಂಗಳೂರಿನವರ ಮ್ಯಾಚು ಟಿ.ವಿ.ಯಾಗ ನೋಡ್ತೀನಿ ಖರೆ. ಆದ್ರ ಯಾರ ಮ್ಯಾಲೆ ಸಿಟ್ಟು ಮಾಡ್ಬೇಕು ಅಂತ ತಿಳಿವಲ್ದು."

ಅನ್ಯಾಂಗಿನ ಹಾಗೆ ಊರೇ ಕ್ಲಬ್ ಕಟ್ಟುವುದು ಇಲ್ಲಿ ಆದೀತೇ? ನಮ್ಮ ಜಿ.ಎಚ್.ಎಂ.ಸಿ.ಗೆ ಮಳೆಗಾಲದ ಚರಂಡಿಯೇ ದೊಡ್ಡ ಚಿಂತೆ, ಅದು ನನಗೂ ಗೊತ್ತು. ಆದರೆ ಅನ್ಯಾಂಗಿನವರು ಒಂಬತ್ತು ವರ್ಷ ಸುಮ್ಮನೆ ಕೂತಿರಲಿಲ್ಲ, ತಮ್ಮ ತಂಡದ ಹಾಡು ಮರೆಯದೆ ಹಾಡುತ್ತಿದ್ದರು. ನಮ್ಮಲ್ಲಿ ನೆನಪೇ ಚದುರಿಹೋಗಿದೆ. ಅದಕ್ಕೆ ನನ್ನ ಕೈಲಾದ ಒಂದು ಕೆಲಸ ಮಾಡುವ ಆಲೋಚನೆಯಿದೆ. ನಿಮ್ಮಲ್ಲಿ ಯಾರಾದರೂ ಹಳೆಯ ಸಿಟಿ ಪೊಲೀಸ್ ತಂಡದ ಆಟವನ್ನು ಫತೇ ಮೈದಾನದಲ್ಲಿ ಕಣ್ಣಾರೆ ಕಂಡಿದ್ದರೆ, ರಹೀಮ್ ಮೇಷ್ಟ್ರ ತರಗತಿಯಲ್ಲಿ ಕೂತಿದ್ದರೆ, ಕಲಬುರಗಿಯಿಂದಲೋ ರಾಯಚೂರಿನಿಂದಲೋ ರೈಲು ಹತ್ತಿ ಪಂದ್ಯ ನೋಡಲು ಬಂದ ನಿಮ್ಮ ಹಿರಿಯರ ಕಥೆ ಕೇಳಿದ್ದರೆ, ಗಚ್ಚಿಬೌಲಿಯ ಟಿಕೆಟ್ಟಿನ ತುಂಡೊಂದು ನಿಮ್ಮ ಮಗನ ಪುಸ್ತಕದಲ್ಲಿ ಉಳಿದಿದ್ದರೆ, ನಮಗೆ ಬರೆದು ತಿಳಿಸಿ. ಒಂದು ಇನ್‌ಲ್ಯಾಂಡ್ ಪತ್ರವಾದರೂ ಸಾಕು, ಮೇಲೆ 'ಕನ್ನಡ ಅವಧಿ' ಎಂದು ಬರೆದಿರಲಿ. ಓಡಾಡಲು ಆಗದ ಹಿರಿಯರಿದ್ದರೆ ರೆಕಾರ್ಡರ್ ಹಿಡಿದು ನಾನೇ ಮನೆಗೆ ಬರುತ್ತೇನೆ. ಬಂದದ್ದನ್ನೆಲ್ಲ ತಿಂಗಳ ಕೊನೆಯ ಶನಿವಾರ ಪ್ರಸಾರ ಮಾಡೋಣ. ಮೊದಲ ಧ್ವನಿ ಪಕ್ಕದ ಮನೆಯ ಕಾಕಾ ಅವರದು, ಅವರು ಆಗಲೇ ಒಪ್ಪಿದ್ದಾರೆ. ಒಂದು ಷರತ್ತು ಹಾಕಿದ್ದಾರೆ, ನಡುವೆ ಕ್ರಿಕೆಟ್ ಸ್ಕೋರು ಹೇಳಬಾರದಂತೆ.

ಸಮಾಚಾರಕ್ಕೆ ಇನ್ನು ಮೂರು ನಿಮಿಷ ಇದೆ. ಅಲ್ಲಿಯವರೆಗೆ ವಾದ್ಯಸಂಗೀತ.